ಕಿರ್ಲೋಸ್ಕರವಾಡಿಯ ಲಕ್ಷ್ಮಣರಾಯರು

ಹುಬ್ಬಳ್ಳಿಯಿಂದ ಪುಣೆಗೆ ಇಂಟರ್‌ವ್ಯೂಗೆ ಅಂತ ರೈಲು ಹತ್ತಿದರೆ ಸಾಂಗ್ಲಿ ದಾಟಿದ ಮೇಲೆ ಕಿರ್ಲೋಸ್ಕರವಾಡಿ ಅನ್ನೋ ಸ್ಟೇಷನ್ ಬರ್ತದೆ. ಆ ಹೆಸರು ನಮಗೆ ಹೊಸದಲ್ಲ. ಗೋಕುಲ ರೋಡಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಫ್ಯಾಕ್ಟರಿ ನೋಡುತ್ತಲೇ ಬೆಳೆದವರು ನಾವು. ಆದರೆ ಆ ಹೆಸರಿನ ಮೂಲಪುರುಷ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು ಅನ್ನೋದು ನಮ್ಮ ಕ್ಲಾಸಿನಲ್ಲಿ ಇಬ್ಬರಿಗೋ ಮೂವರಿಗೋ ಗೊತ್ತಿತ್ತು, ಅಷ್ಟೇ.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರಲ್ಲಿ. ಚಿತ್ರಕಾರ ಆಗಬೇಕೆಂದು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಹೋದರು. ಬಣ್ಣಗಳ ವ್ಯತ್ಯಾಸ ಕಣ್ಣಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲವಾದ್ದರಿಂದ ಚಿತ್ರಕಲೆ ಬಿಟ್ಟು ಯಂತ್ರಗಳ ಡ್ರಾಯಿಂಗ್ ಕಲಿತರು. ವಿಕ್ಟೋರಿಯಾ ಜ್ಯುಬಿಲಿ ಇನ್ಸ್ಟಿಟ್ಯೂಟಿನಲ್ಲಿ ಅದನ್ನೇ ಕಲಿಸುವ ಮಾಸ್ತರರೂ ಆದರು. ತಮಗೆ ಬರಬೇಕಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್‌ಗೆ ಹೋದಾಗ ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದುಬಿಟ್ಟರು. ಅಣ್ಣ ರಾಮಣ್ಣನವರ ಜೊತೆ ಸೈಕಲ್ ಅಂಗಡಿ, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ಹಾಕಿದರೆ ಭೂಮಿಗೆ ವಿಷ ಏರ್ತದೆ ಅಂತ ರೈತರ ಅಂಜಿಕೆ. ಮೊದಲ ನೇಗಿಲು ಮಾರಲಿಕ್ಕೇ ಎರಡು ವರ್ಷ ಹಿಡಿಯಿತಂತೆ.

ಅಷ್ಟರಲ್ಲಿ ಊರು ಬೆಳೆಸುವುದಕ್ಕೆಂದು ಬೆಳಗಾವಿ ಮುನಿಸಿಪಾಲಿಟಿ ಕಾರ್ಖಾನೆಯ ಜಾಗ ಕೇಳಿತು. ಕೈಹಿಡಿದವರು ಔಂಧ ಸಂಸ್ಥಾನದ ರಾಜರು. ಕೊಟ್ಟಿದ್ದು ಕುಂಡಲ್ ರೋಡ್ ಸ್ಟೇಷನ್ ಹತ್ತಿರ 32 ಎಕರೆ ಬರಡು ನೆಲ, ತುಂಬಾ ಪಾಪಾಸುಕಳ್ಳಿ, ನಾಗರಹಾವು. 1910ರಲ್ಲಿ ಒಂದಿಷ್ಟು ಕೆಲಸಗಾರರು ಹೆಂಡತಿ ಮಕ್ಕಳ ಸಮೇತ ಅಲ್ಲಿಗೆ ಬಂದಿಳಿದರು.

ನಮಗೆ ಬೇಕಾದ ಕತೆ ಇಲ್ಲಿಂದ ಶುರು. ಮುಂಬಯಿಯ ಮಿಲ್ಲಿನಲ್ಲಾದರೆ ಗೇಟಿನ ಮುಂದೆ ಕುಶಲ ಕೆಲಸಗಾರರು ಸಾಲುಗಟ್ಟಿ ನಿಲ್ಲುತ್ತಿದ್ದರು. ಈ ಕಳ್ಳಿಗಿಡದ ಬಯಲಿಗೆ ಡಿಗ್ರಿ ಹಿಡಿದು ಯಾರು ಬರ್ತಾರೆ? ಹಂಗಾಗಿ ಲಕ್ಷ್ಮಣರಾಯರು ಇದ್ದವರನ್ನೇ ನೋಡಿದರು, ಯಾರ ಕೈಗೆ ಯಾವ ಕೆಲಸ ಒಗ್ಗುತ್ತದೆ ಅಂತ. ಶಾಲೆ ಬಿಟ್ಟಿದ್ದ ಅನಂತರಾವ್ ಫಳಣೀಕರ್ ಹೊಸ ಹೊಸ ಉಪಾಯ ಹೂಡುವ ಎಂಜಿನಿಯರ್ ಆದರು. ಶಂಭುರಾವ್ ಜಾಂಭೇಕರ್ ಯಾವ ಯಂತ್ರ ಕೆಟ್ಟರೂ ರಿಪೇರಿ ಮಾಡುವ ಫೋರ್‌ಮನ್. ಕೆ. ಕೆ. ಕುಲಕರ್ಣಿ ಮಾಲು ಮಾರುವವರೂ ಹೌದು, ಕಾನೂನು ಸಲಹೆಗಾರರೂ ಹೌದು. ಊರಿನ ಯೋಜನೆ, ಆಡಳಿತ ರಾಮಣ್ಣನವರ ಪಾಲಿಗೆ. ದರೋಡೆ ಮಾಡಿ ಶಿಕ್ಷೆಯಾಗಿದ್ದ ತುಕಾರಾಮ ರಾಮೋಶಿ, ಪಿರ್ಯಾ ಮಾಂಗ ಎಂಬಿಬ್ಬರು ಅಲ್ಲಿನ ನಂಬಿಕೆಯ ಕಾವಲುಗಾರರಾದರು. ಇವತ್ತು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ನಿನಲ್ಲಿ ಅವರ ಫೈಲು ಮೊದಲ ದಿನವೇ ಮುಚ್ಚಿಹೋಗ್ತಿತ್ತು! ಅಸ್ಪೃಶ್ಯತೆಗೆ ಆ ಊರಿನಲ್ಲಿ ಜಾಗವಿರಲಿಲ್ಲ. ನೂರು ವರ್ಷದ ಹಿಂದೆ, ಸುತ್ತಲಿನ ಹಳ್ಳಿಗಳ ನಡುವೆ ಇದನ್ನು ನಡೆಸುವುದು ನೇಗಿಲು ಮಾರುವುದಕ್ಕಿಂತ ಕಷ್ಟದ ಕೆಲಸವೇ ಇದ್ದೀತು.

ಹಂಗಂತ ಎಲ್ಲವನ್ನೂ ಕೈಮುಗಿದು ಒಪ್ಪಬೇಕಂತಿಲ್ಲ. ಮಾಲೀಕನೇ ಮನೆ ಕೊಟ್ಟು ಊರನ್ನೂ ನಡೆಸಿದರೆ, ಕೆಲಸ ಬಿಟ್ಟವನಿಗೆ ಸೂರೂ ಹೋಗ್ತದಲ್ಲ? ನಮ್ಮ ಕ್ಲಬ್ಬಿನ ಚರ್ಚೆಯಲ್ಲಿ ಇದರ ಮೇಲೆ ಸಂಜೆತನಕ ಜಗಳವಾಯಿತು, ಒಮ್ಮತ ಆಗಲಿಲ್ಲ. ಒಂದು ಮಾತಿಗೆ ಮಾತ್ರ ಎಲ್ಲರೂ ತಲೆಯಾಡಿಸಿದೆವು: ಲಕ್ಷ್ಮಣರಾಯರು ಯಂತ್ರದ ವಿದ್ಯೆಯನ್ನು ಅಮೆರಿಕದ ಪುಸ್ತಕಗಳಿಂದ ಕಲಿತರು, ಮನುಷ್ಯರನ್ನು ನಡೆಸಿಕೊಳ್ಳುವ ರೀತಿಯನ್ನು ಮಾತ್ರ ಆ ಬಯಲಿನಲ್ಲೇ, ಅಲ್ಲಿದ್ದ ಜನರ ಅಳತೆಗೆ ಹೊಲಿದರು. ಈಗ ಬೆಂಗಳೂರಿನ ಹೆಡ್ ಆಫೀಸಿನಿಂದ ಬಂದ ಟ್ರೇನಿಂಗ್ ಸ್ಲೈಡುಗಳನ್ನೇ ಹುಬ್ಬಳ್ಳಿಯ ಶಾಪ್ ಫ್ಲೋರಿನಲ್ಲಿ ತೋರಿಸಿ ಕೈತೊಳೆದುಕೊಳ್ಳುವುದನ್ನು ಇಂಟರ್ನ್‌ಶಿಪ್ಪಿನಲ್ಲಿ ಕಂಡು ಬಂದವರು ನಮ್ಮಲ್ಲೇ ಇದ್ದಾರೆ.

ಮೊದಲ ಮಹಾಯುದ್ಧದಲ್ಲಿ ಕಬ್ಬಿಣ ಸಿಗದೆ ಕಾರ್ಖಾನೆ ನಿಲ್ಲುವ ಹೊತ್ತು ಬಂದಾಗ ಕೊಲ್ಲಾಪುರದ ಶಾಹೂ ಮಹಾರಾಜರಿಂದ ಹಳೆಯ ತೋಪುಗಳನ್ನು ಪಡೆದು ಕರಗಿಸಿದರು. ಮುಂದೆ ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಓದಿ ಬಂದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಎದ್ದಿತು. ಲಕ್ಷ್ಮಣರಾಯರು ತೀರಿಕೊಂಡಿದ್ದು 1956ರ ಸೆಪ್ಟೆಂಬರ್ 26ರಂದು. ಕುಂಡಲ್ ರೋಡ್ ಸ್ಟೇಷನ್ನಿಗೆ ಈಗ ಕಿರ್ಲೋಸ್ಕರವಾಡಿ ಅಂತಲೇ ಹೆಸರು. ಮುಂದಿನ ಸಲ ಪುಣೆಗೆ ಹೊರಟಾಗ ಕಿಟಕಿ ಪಕ್ಕದ ಸೀಟು ಹಿಡೀರಿ.