ಬೀಗ ಮಾಡುವವರ ಮಗ ವಿದ್ಯುತ್ ಅಳೆದ ಕಥೆ

ನಿಮ್ಮ ಮಗಳೋ ಮಗನೋ ಹತ್ತನೇ ತರಗತಿಯಲ್ಲಿದ್ದರೆ ವಿಜ್ಞಾನ ಪುಸ್ತಕದ ವಿದ್ಯುತ್ ಪಾಠವನ್ನು ಒಮ್ಮೆ ತೆರೆದು ನೋಡಿ. ಅಲ್ಲಿ ಓಮ್‌ನ ನಿಯಮವಿದೆ. ತಾಪ ಬದಲಾಗದಿದ್ದರೆ, ವಾಹಕದಲ್ಲಿ ಹರಿಯುವ ವಿದ್ಯುತ್ ಪ್ರವಾಹವು ಅದರ ಎರಡು ತುದಿಗಳ ನಡುವಿನ ವಿಭವಾಂತರಕ್ಕೆ ನೇರ ಅನುಪಾತದಲ್ಲಿರುತ್ತದೆ ಎಂಬುದು ಅದರ ಸಾರ. ಮಕ್ಕಳು ಅದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಾರೆ. ಪಕ್ಕದಲ್ಲಿ ಕುಳಿತ ನಿಮಗೆ ಬೇರೆಯೇ ಚಿಂತೆ. ಇದನ್ನೆಲ್ಲ ಕನ್ನಡದಲ್ಲಿ ಓದಿದ ಮಗು ನಾಳೆ ಪಾಲಿಟೆಕ್ನಿಕ್ ಸೇರಿದಾಗ, ಹೊಸೂರಿನ ಸಿಪ್‌ಕಾಟ್‌ನ ಕಾರ್ಖಾನೆಗೆ ಕೆಲಸ ಕೇಳಿಕೊಂಡು ಹೋದಾಗ, ಇಂಗ್ಲಿಷ್‌ನಲ್ಲಿ ಓದಿದವರ ಸಮಕ್ಕೆ ನಿಲ್ಲಬಲ್ಲದೇ?

ಆ ಚಿಂತೆ ಸಣ್ಣದಲ್ಲ. ಅದಕ್ಕೆ ಉತ್ತರ ಹುಡುಕುವ ಮೊದಲು, ಆ ನಿಯಮಕ್ಕೆ ಹೆಸರು ಕೊಟ್ಟವರ ಬದುಕನ್ನು ಸ್ವಲ್ಪ ತಿಳಿದುಕೊಳ್ಳಿ. ಅವರೂ ಶಾಲೆಯ ಮೇಷ್ಟ್ರಾಗಿದ್ದರು. ಅವರ ತಂದೆಯೂ ನಿಮ್ಮ ಹಾಗೆ ಮಕ್ಕಳ ಓದಿನ ಚಿಂತೆ ಹೊತ್ತವರೇ.

ಜಾರ್ಜ್ ಸೈಮನ್ ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ. ತಂದೆ ಯೋಹಾನ್ ವೋಲ್ಫ್‌ಗಾಂಗ್ ಬೀಗ ಮಾಡುವ ಕಸುಬಿನವರು. ತಾಯಿ ದರ್ಜಿಯೊಬ್ಬರ ಮಗಳು. ಏಳು ಮಕ್ಕಳಲ್ಲಿ ಉಳಿದದ್ದು ಮೂವರು. ಜಾರ್ಜ್‌ಗೆ ಹತ್ತು ವರ್ಷವಾದಾಗ ತಾಯಿಯೂ ತೀರಿಕೊಂಡರು. ತಂದೆ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಪುಸ್ತಕ ಹಿಡಿದು ತಾವೇ ಗಣಿತ ಕಲಿತಿದ್ದರು. ಕಲಿತದ್ದನ್ನು ಜಾರ್ಜ್ ಮತ್ತು ತಮ್ಮ ಮಾರ್ಟಿನ್‌ಗೆ ಮನೆಯ ಮಾತಿನಲ್ಲೇ ಹೇಳಿಕೊಟ್ಟರು. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ ಮೊದಲ ಪಾಠಗಳು ಹಾಗೆ ನಡೆದವು. ಮುಂದೆ ಸೇರಿದ ಊರಿನ ಶಾಲೆಯಲ್ಲಿ ಉರು ಹೊಡೆಯುವುದೇ ಹೆಚ್ಚು, ವಿಜ್ಞಾನ ಕಡಿಮೆ. ಹುಡುಗನಿಗೆ ಬುನಾದಿಯಾಗಿ ಉಳಿದದ್ದು ಮನೆಯಲ್ಲಿ ಕಲಿತದ್ದೇ. ತಮ್ಮ ಮಾರ್ಟಿನ್ ಮುಂದೆ ಹೆಸರಾಂತ ಗಣಿತಜ್ಞರಾದರು.

1805ರಲ್ಲಿ ಓಮ್ ವಿಶ್ವವಿದ್ಯಾಲಯ ಸೇರಿದರು. ಸೇರಿದ್ದೇ ಕುಣಿತ, ಹಿಮದ ಮೇಲೆ ಜಾರಾಟ, ಬಿಲಿಯರ್ಡ್ಸ್‌ನಲ್ಲಿ ಮುಳುಗಿದರು. ತಂದೆಗೆ ಸಿಟ್ಟು ಬಂತು. ತಮಗೆ ಸಿಗದ ಅವಕಾಶವನ್ನು ಮಗ ಹಾಳು ಮಾಡುತ್ತಿದ್ದಾನೆ ಎನಿಸಿತು. ಒಂದೂವರೆ ವರ್ಷಕ್ಕೇ ಓದು ಬಿಡಿಸಿ ಸ್ವಿಟ್ಜರ್ಲೆಂಡಿಗೆ ಕಳುಹಿಸಿದರು. ಅಲ್ಲಿನ ಶಾಲೆಯೊಂದರಲ್ಲಿ ಹದಿನೇಳರ ಹುಡುಗ ಗಣಿತದ ಮೇಷ್ಟ್ರಾದ. ಪಾಠ ಹೇಳುತ್ತಲೇ ತಾನೂ ಓದಿ, 1811ರಲ್ಲಿ ಎರ್ಲಾಂಗೆನ್‌ಗೆ ಮರಳಿ ಡಾಕ್ಟರೇಟ್ ಪಡೆದ. ಸಂಬಳ ಸಾಲದೆ ಒಂದು ಶಾಲೆಯಿಂದ ಇನ್ನೊಂದಕ್ಕೆ ಅಲೆದು, 1817ರಲ್ಲಿ ಕಲೋನ್ ನಗರದ ಪ್ರೌಢಶಾಲೆಯ ಕೆಲಸಕ್ಕೆ ಬಂದರು ಓಮ್ ಮೇಷ್ಟ್ರು. ಅಲ್ಲಿ ಒಳ್ಳೆಯ ಪ್ರಯೋಗಾಲಯವಿತ್ತು.

ಆ ಕಾಲದಲ್ಲಿ ವಿದ್ಯುತ್ತನ್ನು ಅಳೆಯುವ ಮೀಟರ್ ಇರಲಿಲ್ಲ. ವೋಲ್ಟ್, ಆಂಪಿಯರ್ ಎಂಬ ಅಳತೆಗಳೂ ಇರಲಿಲ್ಲ. ವಿದ್ಯುತ್ ಹರಿಯುವ ತಂತಿಯ ಬಳಿ ಕಾಂತದ ಸೂಜಿ ತಿರುಗುತ್ತದೆ ಎಂಬುದು 1820ರಲ್ಲಿ ಗೊತ್ತಾಗಿತ್ತು. ಓಮ್ ಅದನ್ನೇ ಅಳತೆಗೋಲಾಗಿ ಮಾಡಿಕೊಂಡರು. ತಂತಿಯ ಉದ್ದ ಹೆಚ್ಚಿದಂತೆ ಸೂಜಿಯ ಮೇಲಿನ ಬಲ ಎಷ್ಟು ಕುಗ್ಗುತ್ತದೆ ಎಂದು ಅಳೆದು, 1825ರಲ್ಲಿ ಒಂದು ಸೂತ್ರ ಪ್ರಕಟಿಸಿದರು.

ಆ ಸೂತ್ರ ತಪ್ಪಾಗಿತ್ತು. ತಪ್ಪು ಅವರ ಲೆಕ್ಕದ್ದಲ್ಲ, ಬ್ಯಾಟರಿಯದು. ಅಳೆಯುತ್ತಿರುವಾಗಲೇ ಅದರ ಶಕ್ತಿ ಇಳಿಯುತ್ತಿತ್ತು. ಬ್ಯಾಟರಿ ಬಿಟ್ಟು ಬೇರೆ ಮೂಲ ಬಳಸುವಂತೆ ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿ ಸಲಹೆ ಕೊಟ್ಟರು. ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಬಿಸಿಯಾಗಿ, ಇನ್ನೊಂದನ್ನು ತಣ್ಣಗೆ ಇಟ್ಟರೆ ವಿದ್ಯುತ್ ಹುಟ್ಟುತ್ತದೆ. ಇದನ್ನು ಸೀಬೆಕ್ 1821ರಲ್ಲಿ ಕಂಡುಕೊಂಡಿದ್ದರು. ಓಮ್ ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿದರು. ಒಂದು ಬೆಸುಗೆ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಕುದಿಯುವ ನೀರಿನ ತಾಪ ಏರುವುದಿಲ್ಲ, ಕರಗುವ ಮಂಜಿನ ತಾಪ ಇಳಿಯುವುದಿಲ್ಲ. ಹಾಗಾಗಿ ವಿದ್ಯುತ್ತಿನ ಒತ್ತಡವೂ ಅಲುಗಾಡದೆ ನಿಂತಿತು. 2 ಅಂಗುಲದಿಂದ 130 ಅಂಗುಲದವರೆಗಿನ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ ಮತ್ತೆ ಅಳೆದರು. 1826ರಲ್ಲಿ ಸರಿಯಾದ ಸೂತ್ರ ಸಿಕ್ಕಿತು. ಹಿಂದಿನ ವರ್ಷ ತಾವೇ ಅಚ್ಚು ಹಾಕಿಸಿದ್ದನ್ನು ತಾವೇ ತಿದ್ದಿಕೊಂಡರು.

1827ರಲ್ಲಿ ಎಲ್ಲವನ್ನೂ ಸೇರಿಸಿ ಪುಸ್ತಕ ಬರೆದರು. ಆಗ ಗಣಿತ, ಭೌತಶಾಸ್ತ್ರದ ದೊಡ್ಡ ಗ್ರಂಥಗಳು ಬರುತ್ತಿದ್ದದ್ದು ಹೆಚ್ಚಾಗಿ ಫ್ರೆಂಚ್‌ನಲ್ಲಿ. ಕಲೋನ್‌ನಲ್ಲಿ ಓಮ್ ಅವನ್ನೆಲ್ಲ ಕುಳಿತು ಓದಿದ್ದರು. ಲೋಹದಲ್ಲಿ ಶಾಖ ಹೇಗೆ ಹರಿಯುತ್ತದೆ ಎಂದು ಫೂರಿಯೆ ಬರೆದ ಗ್ರಂಥ, ವಿದ್ಯುತ್ತೂ ಹಾಗೆಯೇ ಹರಿಯಬಹುದು ಎಂಬ ದಾರಿ ತೋರಿಸಿತ್ತು. ಓದಿದ್ದು ಫ್ರೆಂಚ್‌ನಲ್ಲಾದರೂ ತಮ್ಮ ಪುಸ್ತಕವನ್ನು ಅವರು ಬರೆದದ್ದು ಜರ್ಮನ್‌ನಲ್ಲಿ.

ಪುಸ್ತಕಕ್ಕೆ ಮನ್ನಣೆ ಸಿಗಲಿಲ್ಲ. ಬರ್ಲಿನ್‌ನಲ್ಲಿ ಕಟುವಾದ ವಿಮರ್ಶೆ ಬಂತು. ಬಯಸಿದ್ದ ವಿಶ್ವವಿದ್ಯಾಲಯದ ಕೆಲಸ ಬರಲಿಲ್ಲ. 1828ರಲ್ಲಿ ಶಾಲೆಯ ಕೆಲಸಕ್ಕೂ ರಾಜೀನಾಮೆ ಕೊಟ್ಟು, ಕೆಲವು ವರ್ಷ ಸಣ್ಣಪುಟ್ಟ ಪಾಠ ಹೇಳಿಕೊಂಡು ದಿನ ದೂಡಿದರು. 1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್ ಅವರಿಗೆ ಕೆಲಸ ಕೊಟ್ಟಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟು ಗೌರವಿಸಿತು. ಅದೇ ವರ್ಷ ಪುಸ್ತಕ ಇಂಗ್ಲಿಷ್‌ಗೂ ಅನುವಾದವಾಯಿತು. 1852ರಲ್ಲಿ, ಅರವತ್ತಮೂರನೇ ವಯಸ್ಸಿನಲ್ಲಿ, ಮ್ಯೂನಿಕ್ ವಿಶ್ವವಿದ್ಯಾಲಯದ ಪೂರ್ಣ ಪ್ರಾಧ್ಯಾಪಕರಾದರು. 1854ರ ಜುಲೈ 6ರಂದು ತೀರಿಕೊಂಡರು. 1881ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ರೋಧದ ಅಳತೆಗೆ ಓಮ್ ಎಂಬ ಹೆಸರನ್ನು ಒಪ್ಪಿಕೊಂಡಿತು.

ಈಗ ನಮ್ಮ ಊರಿನ ಕಾರ್ಖಾನೆಗೆ ಬನ್ನಿ. ದೊಡ್ಡ ಯಂತ್ರಗಳಿಗೆ ನೂರಾರು, ಸಾವಿರಾರು ಆಂಪಿಯರ್ ವಿದ್ಯುತ್ ಒಯ್ಯುವ ತಾಮ್ರದ ಪಟ್ಟಿಗಳಿಗೆ ಬಸ್‌ಬಾರ್ ಎನ್ನುತ್ತಾರೆ. ಅಷ್ಟು ಪ್ರವಾಹವನ್ನು ಸಾಮಾನ್ಯ ಮೀಟರಿನೊಳಗೆ ಹರಿಸಿದರೆ ಮೀಟರ್ ಸುಟ್ಟುಹೋಗುತ್ತದೆ. ಅದಕ್ಕೇ ದಾರಿಯಲ್ಲಿ ಷಂಟ್ ಎಂಬ ಅತಿ ಕಡಿಮೆ ರೋಧದ ಲೋಹದ ತುಂಡನ್ನು ಇಡುತ್ತಾರೆ. 1000 ಆಂಪಿಯರ್ ಹರಿದಾಗ ಅದರ ತುದಿಗಳ ನಡುವೆ 75 ಮಿಲಿವೋಲ್ಟ್ ಬರುವಂತೆ ಮಾಡಿದ್ದರೆ, 60 ಮಿಲಿವೋಲ್ಟ್ ತೋರಿಸಿದಾಗ ಹರಿಯುತ್ತಿರುವುದು 800 ಆಂಪಿಯರ್. ನಿಮ್ಮ ಮಗು ಬಾಯಿಪಾಠ ಮಾಡಿದ ನಿಯಮ ಇದೇ. ಎಲೆಕ್ಟ್ರಿಷಿಯನ್ ತಂತಿಯ ಸುತ್ತ ಕಚ್ಚಿಸಿ ಹಿಡಿಯುವ ಕ್ಲ್ಯಾಂಪ್ ಮೀಟರ್ ಇದೆಯಲ್ಲ, ಅದು ತಂತಿಯನ್ನು ಕತ್ತರಿಸದೆ, ಸುತ್ತಲಿನ ಕಾಂತಬಲದಿಂದಲೇ ಪ್ರವಾಹ ಹೇಳುತ್ತದೆ. ಓಮ್ ಅವರ ಕಾಂತಸೂಜಿಯ ಕೆಲಸವೂ ಅದೇ ಆಗಿತ್ತು.

ಪ್ರವಾಹ ಹರಿದಲ್ಲಿ ಶಾಖ ಹುಟ್ಟುತ್ತದೆ. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು ಎಂದು ಇಂಗ್ಲೆಂಡಿನ ಜೂಲ್ 1841ರಲ್ಲಿ ತೋರಿಸಿದರು. 1902ರಲ್ಲಿ ಶಿವನಸಮುದ್ರದಿಂದ ನಮ್ಮ ನೆರೆಯ ಕೋಲಾರ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಒಯ್ದಾಗ ಒತ್ತಡವನ್ನು ಹತ್ತಾರು ಸಾವಿರ ವೋಲ್ಟ್‌ಗೆ ಏರಿಸಿದ್ದೂ ಇದಕ್ಕೇ. ಒತ್ತಡ ಹೆಚ್ಚಿದರೆ ಪ್ರವಾಹ ಕಡಿಮೆ ಸಾಕು, ದಾರಿಯಲ್ಲಿ ಶಾಖವಾಗಿ ಪೋಲಾಗುವುದೂ ಕಡಿಮೆ.

ಆದ್ದರಿಂದ ಪ್ರವಾಹದ ಜೊತೆ ತಾಪವನ್ನೂ ಅಳೆಯಲೇಬೇಕು. ನಿಯಮದ ಮೊದಲಿಗೆ ತಾಪ ಬದಲಾಗದಿದ್ದರೆ ಎಂಬ ಷರತ್ತು ಇದೆಯಷ್ಟೆ. ತಾಮ್ರ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ರೋಧ ಸುಮಾರು ಶೇ 4ರಷ್ಟು ಏರುತ್ತದೆ. ಓಡಿ ನಿಂತ ಮೋಟಾರಿನ ಸುರುಳಿಯ ರೋಧ, ತಣ್ಣಗಿದ್ದಾಗ ಇದ್ದುದಕ್ಕಿಂತ ಶೇ 20ರಷ್ಟು ಹೆಚ್ಚಿದ್ದರೆ, ಒಳಗೆ ತಾಪ ಸುಮಾರು 50 ಡಿಗ್ರಿ ಏರಿದೆ ಎಂದು ಅರ್ಥ. ಮೋಟಾರು ಬಿಚ್ಚಬೇಕಾಗಿಲ್ಲ. ಕುಲುಮೆಗಳಲ್ಲಿ ತಾಪ ಅಳೆಯುವ ಥರ್ಮೋಕಪಲ್ ಕೂಡ ಓಮ್ ಬಳಸಿದ ಅದೇ ಎರಡು ಲೋಹಗಳ ಬೆಸುಗೆ. ಅವರು ತಾಪದಿಂದ ವಿದ್ಯುತ್ ಪಡೆದರು, ಇಂದಿನವರು ಆ ವಿದ್ಯುತ್ ಅಳೆದು ತಾಪ ತಿಳಿಯುತ್ತಾರೆ. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್‌ನಲ್ಲಿ ಸಡಿಲಾದ ತಿರುಪಿನ ಬಳಿ ತಂತಿ ಕಪ್ಪಾಗಿರುವುದನ್ನು ನೀವು ಕಂಡಿರಬಹುದು. ಸಡಿಲಾದ ಕಡೆ ರೋಧ ಹೆಚ್ಚು, ಶಾಖವೂ ಹೆಚ್ಚು. ಕಾರ್ಖಾನೆಯಲ್ಲಿ ಅದನ್ನು ಮೊದಲೇ ಪತ್ತೆ ಮಾಡದಿದ್ದರೆ ಬೆಂಕಿ ಬೀಳುತ್ತದೆ.

ಹಾಗಾದರೆ ನಿಮ್ಮ ಚಿಂತೆಗೆ ಉತ್ತರವೇನು? ಓಮ್ ಅವರ ಕಾಲದ ಜರ್ಮನ್ ಅಲ್ಲಿನ ಬಹುಜನರ ಭಾಷೆ. ತಮಿಳುನಾಡಿನಲ್ಲಿ ಕನ್ನಡ ಅಲ್ಪಸಂಖ್ಯಾತರ ಭಾಷೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಕನ್ನಡವೊಂದೇ ಸಾಕು ಎಂದೂ ಈ ಬದುಕು ಹೇಳುವುದಿಲ್ಲ. ಓಮ್ ಫ್ರೆಂಚ್ ಓದಿದ್ದರಿಂದಲೇ ಮುಂದೆ ಹೋದರು. ಆದರೆ ಆ ಫ್ರೆಂಚ್ ಗ್ರಂಥಗಳನ್ನು ಅರಗಿಸಿಕೊಳ್ಳುವ ಬುದ್ಧಿಯನ್ನು ಮೊದಲು ಬೆಳೆಸಿದ್ದು ತಂದೆ ಮನೆಯ ಮಾತಿನಲ್ಲಿ ಹೇಳಿದ ಗಣಿತ. ಬುನಾದಿ ಗಟ್ಟಿಯಾಗಿದ್ದರೆ ಮೇಲೆ ಇನ್ನೊಂದು ಭಾಷೆಯ ಅಂತಸ್ತು ಕಟ್ಟಬಹುದು. ಅರ್ಥವಾಗದೆ ಉರು ಹೊಡೆದದ್ದು ಕನ್ನಡದಲ್ಲಿದ್ದರೂ ಇಂಗ್ಲಿಷ್‌ನಲ್ಲಿದ್ದರೂ ಷಂಟಿನ ಮುಂದೆ ನಿಂತಾಗ ಕೈಕೊಡುತ್ತದೆ.

ನೀವು ಮಾಡಬಹುದಾದದ್ದು ಇಷ್ಟು. ಪಾಠದಲ್ಲಿ ಬರುವ ಪ್ರವಾಹ, ವಿಭವಾಂತರ, ರೋಧ, ವಾಹಕ ಎಂಬ ಪದಗಳನ್ನು ಮಗು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಪಕ್ಕದಲ್ಲಿ ಅದರ ಇಂಗ್ಲಿಷ್ ಪದ, ಅದರ ಪಕ್ಕ ತಮಿಳು ಪದ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತೆಲುಗು ಕೇಳಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಹೊಸ ಪದ ಹೊರೆಯಲ್ಲ. ಆಮೇಲೆ ಮನೆಗೆ ಎಲೆಕ್ಟ್ರಿಷಿಯನ್ ಬಂದಾಗ ಅವರ ಮೀಟರನ್ನು ತೋರಿಸಿ. ಕುದುರೆ ಲಾಳದಂತಿರುವ ಒಂದು ಗ್ರೀಕ್ ಅಕ್ಷರ ಅದರ ಮೇಲಿರುತ್ತದೆ. ಅದು ಯಾರ ಹೆಸರು, ಏನನ್ನು ಅಳೆಯುತ್ತದೆ ಎಂದು ಮಗುವನ್ನು ಕೇಳಿ. ಪುಸ್ತಕ ನೋಡದೆ, ತನ್ನದೇ ಮಾತಿನಲ್ಲಿ ನಿಮಗೆ ತಿಳಿಯುವಂತೆ ಹೇಳಿದರೆ ಪಾಠ ಬಂದಿದೆ ಎಂದು ತಿಳಿಯಿರಿ. ಹೇಳಲು ತಡವರಿಸಿದರೆ ಬೈಯಬೇಡಿ. ಓಮ್ ಅವರೂ ಮೊದಲ ಸಲ ತಪ್ಪಿದ್ದರು.