ಆಟದ ಗಾಡಿಯ ಮೇಲೆ ಕ್ಯಾಮೆರಾ ಇಟ್ಟವನು

ಎಕ್ಸಾಮ್ ಮುಗಿದ ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಲೈಟ್ ಆರಿಸಿ, ಒಂದೇ ಲ್ಯಾಪ್‌ಟಾಪಿನ ಮುಂದೆ ಏಳೆಂಟು ಜನ ಒತ್ತಿಕೊಂಡು ಕೂತು ಹಳೇ ಸ್ಲಾಷರ್ ಸಿನಿಮಾ ನೋಡೋ ಮಜಾನೇ ಬೇರೆ. ನೀರಿನ ದಡದಲ್ಲಿ ಒಂಟಿ ಮನೆ, ಪೊದೆಯ ಹಿಂದೆ ಯಾರೋ, ಹೋಗಬೇಡ್ವೇ ಅಂತ ನಾವೆಷ್ಟು ಕಿರುಚಿದರೂ ಹೋಗಿಯೇ ತೀರುವ ಹುಡುಗಿ. ರಕ್ತ ನೋಡಿದರೆ ಥೇಟ್ ಟೊಮೆಟೊ ಸಾಸ್. ಹೆದರಿಕೆಗಿಂತ ನಗುವೇ ಜಾಸ್ತಿ. ಈ ಜಾತಿಯ ಸಿನಿಮಾಗಳಿಗೆ ಅಚ್ಚು ಹೊಯ್ದವರಲ್ಲಿ ಮುಖ್ಯನಾದವನು ಇಟಲಿಯ ಮಾರಿಯೋ ಬಾವಾ. ಪುಣ್ಯಾತ್ಮ ಇಂಜಿನಿಯರಿಂಗ್ ಓದಿರಲಿಲ್ಲ, ಆದರೆ ನಮ್ಮವನೇ ಅನ್ನಿಸುತ್ತದೆ.

1914ರಲ್ಲಿ ಸಾನ್‌ರೆಮೋದಲ್ಲಿ ಹುಟ್ಟಿದ. ಅಪ್ಪ ಯುಜೇನಿಯೋ ಶಿಲ್ಪಿ, ಜೊತೆಗೆ ಮೂಕಿ ಚಿತ್ರಗಳ ಕಾಲದ ಕ್ಯಾಮೆರಾ ಚಮತ್ಕಾರಗಳಲ್ಲಿ ಪಳಗಿದ ಕೈ. ಮಗನಿಗೆ ಚಿತ್ರಕಾರನಾಗುವ ಆಸೆ. ಹೊಟ್ಟೆಪಾಡು ಅಪ್ಪನ ಕಸುಬಿಗೇ ಎಳೆದು ತಂದಿತು. ಕ್ಯಾಮೆರಾ ಹಿಡಿದು ಎಷ್ಟೋ ವರ್ಷ ಬೇರೆಯವರ ಸಿನಿಮಾಗಳಿಗೆ ದುಡಿದ.

1957ರ 'ಇ ವಾಂಪಿರಿ' ಚಿತ್ರವನ್ನು ನಿರ್ದೇಶಕ ಫ್ರೆಡಾ ಅರ್ಧಕ್ಕೇ ಬಿಟ್ಟು ನಡೆದಾಗ ಮುಗಿಸಿಕೊಟ್ಟವನು ಬಾವಾ. ಅದರಲ್ಲೊಂದು ದೃಶ್ಯವಿದೆ: ನಾಯಕಿ ಕಟ್ ಇಲ್ಲದೆ, ನಮ್ಮ ಕಣ್ಣೆದುರೇ ಮುದುಕಿಯಾಗುತ್ತಾಳೆ. ಗ್ರಾಫಿಕ್ಸ್ ಇಲ್ಲದ ಕಾಲ. ಮಾಡಿದ್ದಿಷ್ಟೇ, ಮುಖದ ಮೇಲೆ ಕೆಂಪು ಬಣ್ಣದಲ್ಲಿ ಸುಕ್ಕು ಬರೆದ. ಕೆಂಪು ಬೆಳಕಿನಲ್ಲಿ ಆ ಗೆರೆಗಳೂ ಚರ್ಮವೂ ಒಂದೇ ಥರ ಹೊಳೆಯುತ್ತವೆ, ಹಾಗಾಗಿ ಕಾಣುವುದಿಲ್ಲ. ಬೆಳಕನ್ನು ನಿಧಾನಕ್ಕೆ ಹಸಿರಿನ ಕಡೆ ಬದಲಾಯಿಸಿದರೆ ಕೆಂಪು ಗೆರೆ ಕಪ್ಪಾಗಿ ಎದ್ದು ಬರುತ್ತದೆ. ಫಿಲ್ಮ್ ಕಪ್ಪು-ಬಿಳುಪಿನದು, ಬೆಳಕಿನ ಬಣ್ಣ ಬದಲಾಗಿದ್ದು ಪ್ರೇಕ್ಷಕನಿಗೆ ಗೊತ್ತೇ ಆಗಲ್ಲ! ಫಸ್ಟ್ ಇಯರ್ ಫಿಸಿಕ್ಸ್ ಅಷ್ಟೇ. ನಮಗೆ ಅದು ಐದು ಮಾರ್ಕ್ಸಿನ ಪ್ರಶ್ನೆ.

ಸ್ವಂತ ಹೆಸರಿನಲ್ಲಿ ಮೊದಲ ಕಥಾಚಿತ್ರ ನಿರ್ದೇಶಿಸುವಷ್ಟರಲ್ಲಿ 1960 ಬಂದಿತ್ತು, ವಯಸ್ಸು ನಲವತ್ತಾರು. 1964ರ 'ಬ್ಲಡ್ ಅಂಡ್ ಬ್ಲ್ಯಾಕ್ ಲೇಸ್'ನಲ್ಲಿ ಮುಖ ಮುಚ್ಚಿಕೊಂಡ ಕೊಲೆಗಾರ ಫ್ಯಾಷನ್ ಹೌಸಿನ ಮಾಡೆಲ್‌ಗಳನ್ನು ಒಬ್ಬೊಬ್ಬರಾಗಿ ಮುಗಿಸುತ್ತಾ ಹೋಗುತ್ತಾನೆ. ಮುಂದಿನ ವರ್ಷ 'ಪ್ಲಾನೆಟ್ ಆಫ್ ದಿ ವ್ಯಾಂಪೈರ್ಸ್'. ಅದರಲ್ಲಿ ಒಂದೆರಡು ಪ್ಲಾಸ್ಟಿಕ್ ಬಂಡೆ, ಕನ್ನಡಿ ಮತ್ತು ಹೊಗೆಯಿಂದಲೇ ಒಂದಿಡೀ ಗ್ರಹ ಕಟ್ಟಿಬಿಟ್ಟ.

ನನಗೆ ಇಷ್ಟವಾದದ್ದು 1971ರ 'ಎ ಬೇ ಆಫ್ ಬ್ಲಡ್'. ಕೊಲ್ಲಿಯ ದಡದ ಆಸ್ತಿಗಾಗಿ ಹದಿಮೂರು ಕೊಲೆ. ಕೊಂದವನನ್ನೇ ಇನ್ನೊಬ್ಬ ಕೊಲ್ಲುತ್ತಾನೆ, ಲೆಕ್ಕ ಇಡೋದೇ ಕಷ್ಟ. ಕಥೆ ಸುಮಾರು, ನಿಜ. ದುಡ್ಡು ಇರಲಿಲ್ಲ, ಅದಕ್ಕೇ ಕ್ಯಾಮೆರಾಮನ್ ಕೆಲಸವೂ ಬಾವಾನದೇ. ಟ್ರಾಲಿ ಬಾಡಿಗೆಗೆ ಕಾಸಿಲ್ಲದೆ, ಮಕ್ಕಳು ಎಳೆದಾಡುವ ಆಟದ ಗಾಡಿಯ ಮೇಲೆ ಕ್ಯಾಮೆರಾ ಇಟ್ಟು ಎಳೆಸಿದ. ಕಥೆಗೆ ಕಾಡು ಬೇಕು, ಶೂಟಿಂಗ್ ಜಾಗದಲ್ಲಿ ಮರಗಳೇ ಕಡಿಮೆ. ಒಂದಿಷ್ಟು ಕೊಂಬೆ ತಂದು ಲೆನ್ಸಿನ ಮುಂದೆ ಆಡಿಸಿದ, ತೆರೆಯ ಮೇಲೆ ದಟ್ಟ ಕಾಡು! ಗಾಯಗಳನ್ನು ತಯಾರಿಸಿದವನು ಕಾರ್ಲೋ ರಂಬಾಲ್ಡಿ, ಮುಂದೆ 'ಏಲಿಯನ್' ಮತ್ತು 'ಇ.ಟಿ.'ಗೆ ಆಸ್ಕರ್ ಗೆದ್ದವನು. ಇದು ಗೊತ್ತಾದ ಮೇಲೆ ಆ ಸಿನಿಮಾ ಮತ್ತೆ ನೋಡಿದೆ. ನಗು ಬಂತು, ಆದರೆ ನಗುವಿನ ಜಾಗ ಬದಲಾಗಿತ್ತು. ಕೊಂಬೆ ಅಲ್ಲಾಡಿದಾಗೆಲ್ಲ ಅದನ್ನು ಹಿಡಿದ ಕೈ ಎಲ್ಲಿರಬಹುದು ಅಂತ ಹುಡುಕುತ್ತಾ ಕೂತೆ.

ಆಮೇಲಿನ ದಿನಗಳು ಅಷ್ಟು ಚೆನ್ನಾಗಿರಲಿಲ್ಲ. 1974ರಲ್ಲಿ ತೆಗೆದ 'ರ‍್ಯಾಬಿಡ್ ಡಾಗ್ಸ್' ಹಣದ ತೊಂದರೆಗೆ ಸಿಕ್ಕಿ ಡಬ್ಬದಲ್ಲೇ ಉಳಿಯಿತು. ಅವನು ಬದುಕಿರುವ ತನಕ ಬಿಡುಗಡೆಯಾಗಲಿಲ್ಲ. ಕೊನೆಯ ಕೆಲಸಗಳಲ್ಲೊಂದು ಡಾರಿಯೋ ಅರ್ಜೆಂಟೋನ 'ಇನ್ಫರ್ನೋ'ಗೆ ಮಾಡಿಕೊಟ್ಟ ಟ್ರಿಕ್ ದೃಶ್ಯಗಳು. ಅಲ್ಲಿ ಮತ್ತೆ ಬೇರೆಯವರ ಸಿನಿಮಾ, ಮತ್ತೆ ಅಪ್ಪನ ಕಸುಬು.

1980ರ ಏಪ್ರಿಲ್ ಕೊನೆಯಲ್ಲಿ ರೋಮ್‌ನಲ್ಲಿ ತೀರಿಕೊಂಡ. ಸುಮಾರು ಎರಡು ವಾರಕ್ಕೆ, ಮೇ 9ರಂದು, ಅಮೆರಿಕದಲ್ಲಿ 'ಫ್ರೈಡೇ ದಿ ಥರ್ಟೀನ್ತ್' ತೆರೆಕಂಡು ದುಡ್ಡು ಬಾಚಿತು. ಮರುವರ್ಷ ಅದರ ಎರಡನೇ ಭಾಗ. ಅದರಲ್ಲಿ ಹಾಸಿಗೆಯ ಮೇಲಿದ್ದ ಜೋಡಿಯನ್ನು ಒಂದೇ ಈಟಿಯಲ್ಲಿ ಚುಚ್ಚುವ ದೃಶ್ಯವಿದೆ, ನಮ್ಮ ರೂಮಿನಲ್ಲಿ ಅತಿ ಹೆಚ್ಚು ಕಿರುಚಾಟ ಆಗಿದ್ದು ಅಲ್ಲೇ. ಅದೇ ಕೊಲೆ, ಅದೇ ಈಟಿ, ಹತ್ತು ವರ್ಷ ಮೊದಲೇ 'ಎ ಬೇ ಆಫ್ ಬ್ಲಡ್'ನಲ್ಲಿದೆ. ಅಮೆರಿಕದ ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಬಾವಾನ ಹೆಸರಿಲ್ಲ.