ಮೀಸೆಯ ತಾಯಿ ಗಿಜುಭಾಯಿ

ಗುಜರಾತಿನ ಗಿಜುಭಾಯಿ ಬಧೇಕಾ ಅವರು ಹುಟ್ಟಿದ್ದು 1885ರ ನವೆಂಬರ್ 15ರಂದು. ವೃತ್ತಿಯಲ್ಲಿ ವಕೀಲರು. 1913ರಲ್ಲಿ ಮಗ ಹುಟ್ಟಿದ ಮೇಲೆ, ಅವನಿಗೆ ಎಂಥ ಶಿಕ್ಷಣ ಕೊಡಬೇಕೆಂಬ ಚಿಂತೆ ಹತ್ತಿತು. ಆ ಹುಡುಕಾಟದಲ್ಲಿ ಇಟಲಿಯ ಮರಿಯಾ ಮಾಂಟೆಸೊರಿಯವರ ಬರಹಗಳು ಸಿಕ್ಕವು. 1916ರಲ್ಲಿ ವಕೀಲಿ ಬಿಟ್ಟು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು. 1920ರಲ್ಲಿ ಅಲ್ಲಿ ಬಾಲಮಂದಿರ ತೆರೆದರು. ಈ ಮೇಷ್ಟ್ರನ್ನು ಜನ ಮೀಸೆಯ ತಾಯಿ ಎಂದೇ ಕರೆದರು.

ಅವರ ‘ದಿವಾಸ್ವಪ್ನ’ ಕಥೆಯ ರೂಪದ ಪುಸ್ತಕ. ಅದರೊಳಗಿನ ಮೇಷ್ಟ್ರು ಒಂದು ವರ್ಷದ ಪ್ರಯೋಗಕ್ಕೆಂದು ನಾಲ್ಕನೇ ತರಗತಿಯನ್ನು ಕೇಳಿ ಪಡೆಯುತ್ತಾರೆ. ಮೊದಲ ದಿನವೇ ಸೋಲು. ಮುತುವರ್ಜಿಯಿಂದ ಯೋಜಿಸಿಕೊಂಡು ಬಂದ ಮೌನದ ಆಟ ಹುಡುಗರ ಗಲಾಟೆಯಲ್ಲಿ ಕೊಚ್ಚಿಹೋಗುತ್ತದೆ. ಮೇಷ್ಟ್ರು ಬೆತ್ತ ಹುಡುಕುವುದಿಲ್ಲ, ಮರುದಿನ ಕಥೆ ಶುರುಮಾಡುತ್ತಾರೆ. ಅದೇ ಹುಡುಗರು ಕಿವಿಗೊಟ್ಟು ಕೂರುತ್ತಾರೆ! ಮಗು ಕಲಿಕೆಗೆ ಸಿದ್ಧವೇ ಎಂದು ಅಳೆಯುವ ಮೊದಲು ಮೇಷ್ಟ್ರ ಸಿದ್ಧತೆಯನ್ನೇ ಇಲ್ಲಿ ಅಳೆಯಲಾಗಿದೆ. ಮೊದಲನೆಯವನು ಯಾರು, ಕೊನೆಯವನು ಯಾರು ಎಂಬ ಎಣಿಕೆ, ಪರೀಕ್ಷೆಯ ಭಯ, ಬಹುಮಾನದ ಆಸೆ ಇವು ಯಾವುವೂ ಗಿಜುಭಾಯಿಯವರಿಗೆ ಒಗ್ಗಲಿಲ್ಲ. ಮಗು ನಿನ್ನೆಗಿಂತ ಇಂದು ಎಷ್ಟು ಮುಂದೆ ಬಂದಿದೆ ಎಂಬುದನ್ನು ಜೊತೆಗಿದ್ದು ನೋಡುವ ಮೇಷ್ಟ್ರು ಅವರಿಗೆ ಬೇಕಿತ್ತು. ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾವಾರನ್ನು ಬೋರ್ಡಿನ ಮೇಲೆ ಬರೆಸುವ ನಾವು ಆ ತೆಳ್ಳನೆಯ ಪುಸ್ತಕವನ್ನೂ ಸ್ಟಾಫ್ ರೂಮಿನಲ್ಲಿ ಇಟ್ಟುಕೊಳ್ಳಬೇಕು.

ಗಿಜುಭಾಯಿ 1939ರ ಜೂನ್ 23ರಂದು ತೀರಿಕೊಂಡರು. ಅದೇ ನವೆಂಬರಿನಲ್ಲಿ ಮಾಂಟೆಸೊರಿಯವರು ಶಿಕ್ಷಕರಿಗೆ ತರಬೇತಿ ಕೊಡಲು ಮದರಾಸಿನ ಅಡ್ಯಾರಿಗೆ ಬಂದರು.